ರೆಸಾರ್ಟಿನ ರೂಮು ಬಿಟ್ಟಿ ಅಲ್ಲ

"ಹೇಗೂ ಮೆಂಬರ್‌ಶಿಪ್ ಇದೆ, ರೂಮಿಗೆ ದುಡ್ಡಿಲ್ಲ, ಎಲ್ಲರೂ ಬನ್ನಿ." ಟೈಮ್‌ಶೇರ್ ಸದಸ್ಯತ್ವ ಇರುವ ಮನೆಯಿಂದ ನೆಂಟರಿಗೆ ಹೋಗುವ ಈ ಕರೆಯಲ್ಲಿ ಪ್ರೀತಿ ಇದೆ, ಅನುಮಾನವಿಲ್ಲ. ಆದರೆ ರೂಮಿಗೆ ದುಡ್ಡಿಲ್ಲ ಎಂಬ ಮಾತು ಮಾತ್ರ ನಿಜವಲ್ಲ. ಪೆಟ್ರೋಲಿಗೆ, ಊಟಕ್ಕೆ ಪಾಲು ಹಾಕಬಹುದು, ರೂಮಿಗೆ ಪಾಲು ಕೇಳುವುದು ಸಣ್ಣತನ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಯಾರಾದರೂ ಆ ಮಾತೆತ್ತಿದರೆ "ನಾವೇನು ಲಾಡ್ಜ್ ಇಟ್ಟಿದ್ದೀವಾ?" ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಈ ನಂಬಿಕೆ ಕರೆದವರಿಗೂ ಬಂದವರಿಗೂ ಅನ್ಯಾಯ ಮಾಡುತ್ತದೆ ಎಂಬುದು ನನ್ನ ವಾದ.

ರಜೆಯ ವಾರವನ್ನು ವರ್ಷಗಟ್ಟಲೆ ಮುಂಗಡವಾಗಿ ಕೊಂಡಿಡುವ ಈ ಪದ್ಧತಿ ಯೂರೋಪಿನಲ್ಲಿ 1960ರ ದಶಕದಲ್ಲಿ ಶುರುವಾಯಿತು. ನಮ್ಮಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಹುಟ್ಟಿದವು. ಕ್ಲಬ್ ಮಹೀಂದ್ರದ ಹೆಸರಾದ ಯೋಜನೆ 25 ವರ್ಷದ್ದು, ವರ್ಷಕ್ಕೆ 7 ದಿನ. ಸೀಸನ್ನಿಗೊಂದು ಬಣ್ಣ: ಪರ್ಪಲ್, ರೆಡ್, ವೈಟ್, ಬ್ಲೂ. ಜನಜಂಗುಳಿಯ ದಿನಗಳಲ್ಲಿ ಮಡಿಕೇರಿಯೋ ಮುನ್ನಾರೋ ಬೇಕೆಂದರೆ ದುಬಾರಿ ಬಣ್ಣವನ್ನೇ ಕೊಂಡಿರಬೇಕು. ಇಂಥ ಯೋಜನೆಯಲ್ಲಿ ಕಟ್ಟಡದ ಒಂದು ಇಟ್ಟಿಗೆಯೂ ನಮ್ಮದಾಗುವುದಿಲ್ಲ, ಸಿಗುವುದು ಉಳಿದುಕೊಳ್ಳುವ ಹಕ್ಕು. ಅದರ ಮೇಲೆ ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕು. ಆ ವರ್ಷ ಎಲ್ಲಿಗೂ ಹೋಗದಿದ್ದರೂ ಬಿಲ್ಲು ಬರುತ್ತದೆ. ಕಟ್ಟದಿದ್ದರೆ ಬುಕಿಂಗ್ ಸಿಗುವುದಿಲ್ಲ.

ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ಸದಸ್ಯತ್ವಕ್ಕೆ 4 ಲಕ್ಷ ರೂಪಾಯಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 16,000. ವಾರ್ಷಿಕ ಶುಲ್ಕ 20,000, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 23,600. ಒಟ್ಟು 39,600. ಏಳು ರಾತ್ರಿಗೆ ಭಾಗಿಸಿದರೆ ಒಂದು ರಾತ್ರಿಗೆ ಸುಮಾರು 5,650 ರೂಪಾಯಿ. ಅದೇ 4 ಲಕ್ಷ ಬ್ಯಾಂಕಿನಲ್ಲಿ ಶೇ. 6ರ ಠೇವಣಿಯಲ್ಲಿದ್ದಿದ್ದರೆ ಮೊದಲ ವರ್ಷವೇ 24,000 ಬಡ್ಡಿ ಬರುತ್ತಿತ್ತು, ಅಸಲೂ ಉಳಿಯುತ್ತಿತ್ತು. ಇದನ್ನೂ ಹಿಡಿದರೆ ರಾತ್ರಿಯ ಬೆಲೆ ಇನ್ನೂ ಮೇಲೇರುತ್ತದೆ. ತಂಗಿಯ ಸಂಸಾರ ಮೂರು ರಾತ್ರಿ ಜೊತೆಗಿದ್ದು, ಅರ್ಧ ಜಾಗ ಬಳಸಿ ಹೋದರೆ ಬಡ್ಡಿ ಬಿಟ್ಟೂ ಎಂಟೂವರೆ ಸಾವಿರದಷ್ಟು ಅಣ್ಣನ ಕೈಯಿಂದ ಹೋಗಿರುತ್ತದೆ. ಕೊಟ್ಟವನಿಗೂ ಪಡೆದವಳಿಗೂ ಅದು ಕಾಣುವುದಿಲ್ಲ, ಏಕೆಂದರೆ ಹಣ ಹೋದದ್ದು ವರ್ಷಗಳ ಹಿಂದೆ, ಕಂತುಗಳಲ್ಲಿ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಿಟ್ಟಿಯಾಗಿ ಬಂದವರ ಪಾಡು. ಅವರಿಗೆ ಯಾವುದರಲ್ಲೂ ಮಾತಿಲ್ಲ. ಯಾವ ಊರು, ಯಾವ ತಾರೀಖು, ಎಷ್ಟು ಹೊತ್ತಿಗೆ ಹೊರಡುವುದು ಎಲ್ಲವೂ ಸದಸ್ಯನ ತೀರ್ಮಾನ. ಒಂದು ಬೆಡ್‌ರೂಮಿನ ಮನೆಯಾದರೆ ಮಂಚ ಅವನ ಸಂಸಾರಕ್ಕೆ, ಹಾಲಿನ ಸೋಫಾ ಕಮ್ ಬೆಡ್ ಬಂದವರಿಗೆ. ಋಣ ತೀರಿಸಲು ಅವರು ಬೇರೆ ದಾರಿ ಹುಡುಕುತ್ತಾರೆ. ಚಿಕ್ಕಮ್ಮ ಹೊರಡುವ ಹಿಂದಿನ ರಾತ್ರಿ ಪುಳಿಯೋಗರೆ ಗೊಜ್ಜು ಕುದಿಸಿ, ಚಟ್ನಿಪುಡಿ ಕಟ್ಟಿ, ಕುಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಗೆ ಇಡುತ್ತಾರೆ. ರೆಸಾರ್ಟಿನ ಬಫೆ ತಲೆಗೆ ಇಷ್ಟೆಂದು ಇರುವುದರಿಂದ ಹತ್ತು ಜನಕ್ಕೆ ಅದು ಕೈ ಸುಡುತ್ತದೆ. ಹಾಗಾಗಿ ರೂಮಿನ ಪುಟ್ಟ ಅಡುಗೆಮನೆಯಲ್ಲಿ ಬೆಳಿಗ್ಗೆ ಆರಕ್ಕೇ ಉಪ್ಪಿಟ್ಟು ಶುರು. ಉಳಿದವರು ತಲಕಾವೇರಿಗೆ ಹೊರಡಲು ಸ್ನಾನ ಮುಗಿಸುವ ಹೊತ್ತಿಗೆ ಅವರು ಪಾತ್ರೆ ತೊಳೆಯುತ್ತಿರುತ್ತಾರೆ. ಇದನ್ನು ಯಾರೂ ಪಾಲು ಎಂದು ಕರೆಯುವುದಿಲ್ಲ. ಊರಿಗೆ ಮರಳಿದ ಮೇಲೆ "ನಮ್ಮ ಮೆಂಬರ್‌ಶಿಪ್ಪಲ್ಲಿ ಅವರನ್ನೂ ಕರಕೊಂಡು ಹೋಗಿದ್ವಿ" ಎಂಬ ಮಾತು ಮಾತ್ರ ಉಳಿಯುತ್ತದೆ. ರೂಮಿನ ಪಾಲು ಕೊಟ್ಟ ಚಿಕ್ಕಮ್ಮನಿಗಾದರೆ "ನಾಳೆ ಕ್ಯಾಂಟೀನಿನಲ್ಲೇ ತಿಂಡಿ ತಿನ್ನೋಣ" ಎನ್ನುವ ಧೈರ್ಯ ಇರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. ಬಳಸದಿದ್ದರೆ ಹಾಳಾಗಿ ಹೋಗುವ ದಿನಗಳು ಅವು, ನೆಂಟರು ಬಂದರೆಂದು ಸದಸ್ಯನಿಗೆ ಹೆಚ್ಚಿನ ಖರ್ಚೇನು ಬಂತು ಎಂಬ ಪ್ರಶ್ನೆ. ಉಳಿದ ದಿನಗಳನ್ನು ಮುಂದಿನ ವರ್ಷಕ್ಕೆ ಒಯ್ಯಲು ಹಲವು ಯೋಜನೆಗಳಲ್ಲಿ ಅವಕಾಶವಿದೆ, ಆರ್‌ಸಿಐ ಥರದ ವಿನಿಮಯ ಜಾಲದ ಮೂಲಕ ಬೇರೆ ಊರಿನ ರೆಸಾರ್ಟಿಗೆ ಬದಲಾಯಿಸಿಕೊಳ್ಳಬಹುದು. ಹಾಗಿದ್ದೂ ವರ್ಷ ವರ್ಷ ದಿನಗಳು ಹಾಳಾಗುತ್ತಿದ್ದರೆ ಆ ಸದಸ್ಯತ್ವ ಕೊಂಡದ್ದೇ ದುಡುಕು. ಆ ನಷ್ಟವನ್ನು ನೆಂಟರಿಂದ ತುಂಬಿಸಿಕೊಳ್ಳುವ ಹಕ್ಕು ಸದಸ್ಯನಿಗಿಲ್ಲ. ಆದ್ದರಿಂದ ಅದೇ ದಿನಗಳಿಗೆ ಅದೇ ಊರಿನ ಒಳ್ಳೆಯ ಹೋಂಸ್ಟೇ ಎಷ್ಟು ಕೇಳುತ್ತದೋ ನೋಡಬೇಕು. ಕೊಡಗಿನಲ್ಲಂತೂ ಹೋಂಸ್ಟೇಗಳಿಗೆ ಬರವಿಲ್ಲ. ಸದಸ್ಯನ ಲೆಕ್ಕ, ಹೋಂಸ್ಟೇ ಬಾಡಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಬಳಸಿದ ಜಾಗಕ್ಕೆ ತಕ್ಕಷ್ಟು ಕೊಟ್ಟರೆ ಸಾಕು. ಸೋಫಾದ ಮೇಲೆ ಮಲಗಿದವರಿಗೂ ಮಂಚದ ಮೇಲೆ ಮಲಗಿದವರಿಗೂ ಒಂದೇ ಪಾಲು ಹಾಕುವುದು ಸಮಾನತೆಯಲ್ಲ.

ಅಜ್ಜ ಅಜ್ಜಿಯ ಹತ್ತಿರ, ಸಂಪಾದನೆ ಇಲ್ಲದ ಅತ್ತೆಯ ಹತ್ತಿರ, ಓದುವ ಮಕ್ಕಳ ಹತ್ತಿರ ಯಾರೂ ಕೇಳಬೇಕಾಗಿಲ್ಲ. ಅವರಿಗೆ ಅದು ಉಡುಗೊರೆ. ಹಾಗೆಂದು ಮೊದಲೇ ಹೇಳಿ ಕೊಡಬೇಕು, ಮತ್ತೆ ಅದರ ಮಾತೆತ್ತಬಾರದು. ಮನಸ್ಸು ಕೆಡುವುದು ಉಡುಗೊರೆಯೂ ಅಲ್ಲದ, ಪಾಲೂ ಅಲ್ಲದ ನಡುವಿನ ಜಾಗದಲ್ಲಿ.

ಅಣ್ಣತಮ್ಮಂದಿರು ಒಟ್ಟಿಗೆ ದುಡ್ಡು ಹಾಕಿ ಒಬ್ಬನ ಹೆಸರಲ್ಲಿ ಸದಸ್ಯತ್ವ ಕೊಳ್ಳುವುದನ್ನಂತೂ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಮಾಲ್‌ಗಳಲ್ಲಿ ಕೂಪನ್ ತುಂಬಿಸಿಕೊಂಡು, ಆಮೇಲೆ ಹೋಟೆಲಿಗೆ ಕರೆಸಿ ಕೂರಿಸುವ ಮಾರಾಟದ ಹುಡುಗರು "ನೀವು ಹೋಗದಿದ್ದರೆ ತಮ್ಮ ಹೋಗ್ತಾರೆ ಸಾರ್" ಎನ್ನುವುದು ಇದನ್ನೇ ನಂಬಿಸಲು. ಕರಾರಿನಲ್ಲಿ ತಮ್ಮನ ಹೆಸರಿಲ್ಲದಿದ್ದರೆ ಅವನು ಕೊಟ್ಟ ಹಣಕ್ಕೆ ದಾಖಲೆಯೂ ಇಲ್ಲ. ಶುಲ್ಕದ ನೋಟಿಸು ಹೋಗುವುದು ಅಣ್ಣನಿಗೆ. ಅಣ್ಣ ತೀರಿಕೊಂಡರೆ ಉಳಿದ ವರ್ಷಗಳನ್ನು ಅತ್ತಿಗೆಯ ಹತ್ತಿರ ಯಾವ ಮುಖದಿಂದ ಕೇಳುವುದು? ಆಸ್ತಿಗಾದರೆ ಪತ್ರವಿರುತ್ತದೆ, ಇದಕ್ಕೆ ಇರುವುದು ಹಳೆಯ ಗೂಗಲ್ ಪೇ ಸಂದೇಶ.

ಮುಂದಿನ ದಸರಾ ರಜೆಗೆ ರೂಮು ಕಾದಿರಿಸುವ ಮುನ್ನ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮೂರು ಸಾಲು ಬರೆಯಿರಿ: ಒಂದು ರಾತ್ರಿಗೆ ನಮಗೆ ಬೀಳುವುದು ಇಷ್ಟು, ಹೋಂಸ್ಟೇ ಆದರೆ ಇಷ್ಟು, ಅಡುಗೆ ಯಾರೂ ಮಾಡುವುದಿಲ್ಲ. ಒಪ್ಪಿದವರು ಬರಲಿ. ಒಪ್ಪದವರು ಹೋಂಸ್ಟೇ ಹಿಡಿದು ಅದೇ ಊರಿಗೆ ಬಂದರೆ ಬೇಸರ ಮಾಡಿಕೊಳ್ಳಬೇಡಿ.