ಸುತ್ತಿನಿಂದ ಕೋನಕ್ಕೆ: ಸೂತ್ರ ಸರಿ, ಪಾಠ ಸರಿಯೆ?

ಮಿನಿಟಿಗೆ ಆಗುವ ಸುತ್ತುಗಳ ಸಂಖ್ಯೆಯನ್ನು 2ಪೈಯಿಂದ ಗುಣಿಸಿ 60ರಿಂದ ಭಾಗಿಸಿದರೆ ಕೋನೀಯ ವೇಗ ದೊರೆಯುತ್ತದೆ. ಈ ಸೂತ್ರವನ್ನು ನೀವು ಕಲಿತಿದ್ದೀರಿ. ಶಿಕ್ಷಕರಾಗಿದ್ದರೆ ಕಲಿಸಿಯೂ ಇದ್ದೀರಿ. ಸೂತ್ರದಲ್ಲಿ ದೋಷವಿಲ್ಲ. ದೋಷವಿರುವುದು ಅದನ್ನು ಸಾಮಾನ್ಯವಾಗಿ ಬೋಧಿಸುವ ಕ್ರಮದಲ್ಲಿ. ಅಂಕಿಗಳನ್ನು ತುಂಬಿ ಉತ್ತರ ಬರೆದರೆ ಅಂಕ ಸಿಗುತ್ತದೆ. ಉತ್ತರದ ಅರ್ಥವೇನೆಂಬ ಪ್ರಶ್ನೆ ಏಳುವುದೇ ಇಲ್ಲ.

ಸೂತ್ರವನ್ನು ಸ್ವಲ್ಪ ಹೊತ್ತು ಬದಿಗಿಡಿ. ಒಂದು ಸುತ್ತು ಎಂದರೆ 360 ಡಿಗ್ರಿ. ಒಂದು ಮಿನಿಟು ಎಂದರೆ 60 ಸೆಕೆಂಡು. ಹಾಗಾಗಿ ಮಿನಿಟಿಗೆ ಒಂದು ಸುತ್ತು ಎಂದರೆ ಸೆಕೆಂಡಿಗೆ 6 ಡಿಗ್ರಿ. ಗಡಿಯಾರದ ಸೆಕೆಂಡಿನ ಮುಳ್ಳು ತಿರುಗುವುದು ಹೀಗೆಯೇ.

ಈಗ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿರುವಂಥ ಜಲವಿದ್ಯುದಾಗಾರವನ್ನು ನೆನೆಯಿರಿ. ನಮ್ಮ ವಿದ್ಯುತ್ ಜಾಲದ ಆವರ್ತಾಂಕ 50 ಹರ್ಟ್ಸ್. ಲೆಕ್ಕಕ್ಕಾಗಿ 12 ಜೊತೆ ಧ್ರುವಗಳ ಜನರೇಟರನ್ನು ಭಾವಿಸಿಕೊಂಡರೆ, ಅದು ಮಿನಿಟಿಗೆ 250 ಸುತ್ತು, ಅಂದರೆ ಸೆಕೆಂಡಿಗೆ 1500 ಡಿಗ್ರಿ ತಿರುಗಬೇಕು. ಇದನ್ನು 12ರಿಂದ ಗುಣಿಸಿ: 18000. ವಿದ್ಯುತ್ತಿನ 50 ಆವರ್ತಗಳೂ 18000 ಡಿಗ್ರಿಗಳೇ. ಉತ್ತರ ಸರಿಯೆಂದು ವಿದ್ಯಾರ್ಥಿಯೇ ಕಂಡುಕೊಂಡ!

ಹಾಗಾದರೆ ರೇಡಿಯನ್ ಯಾಕೆ ಬೇಕು? ಕೋನದಿಂದ ಉದ್ದವನ್ನು ಪಡೆಯಲು. ಸಂಡೂರಿನಂಥ ಅದಿರಿನ ಸೀಮೆಯಲ್ಲಿ ಒಂದು ಕನ್ವೇಯರ್ ಇದೆಯೆನ್ನಿ. ಅದರ ಅರ್ಧ ಮೀಟರ್ ತ್ರಿಜ್ಯದ ಉರುಳೆ ಮಿನಿಟಿಗೆ 60 ಸುತ್ತು ತಿರುಗಿದರೆ ಕೋನೀಯ ವೇಗ ಸೆಕೆಂಡಿಗೆ 6.28 ರೇಡಿಯನ್. ತ್ರಿಜ್ಯದಿಂದ ಗುಣಿಸಿದಾಗ ಪಟ್ಟಿಯ ವೇಗ ಸೆಕೆಂಡಿಗೆ 3.14 ಮೀಟರ್. ರೇಡಿಯನ್ನಿನ ಬದಲು 360 ಡಿಗ್ರಿಯನ್ನೇ ಗುಣಿಸಿದವನಿಗೆ 180 ಮೀಟರ್ ಸಿಗುತ್ತದೆ. ಅದು ಗಂಟೆಗೆ 648 ಕಿಲೋಮೀಟರ್. ಅದಿರು ವಿಮಾನದಂತೆ ಹಾರಬೇಕಾದೀತು! ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವುದೇ ರೇಡಿಯನ್ ಎಂದು ಮೊದಲೇ ತಿಳಿದವನು ಹೀಗೆ ಎಡವುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ವೇಗವನ್ನು ಕಾಲದಿಂದ ಗುಣಿಸಿ ಕೋನ ಪಡೆಯುವುದು ವೇಗ ಸ್ಥಿರವಾಗಿದ್ದಾಗ ಮಾತ್ರ ಸರಿ. ನಮ್ಮ ಜನರೇಟರ್ ಒಂದೇ ಸಮನಾಗಿ ನಿಧಾನವಾಗುತ್ತ ಒಂದು ಮಿನಿಟಿನಲ್ಲಿ ನಿಂತಿತೆನ್ನಿ. ಅದು ತಿರುಗುವುದು 250 ಸುತ್ತಲ್ಲ. ಸರಾಸರಿ ವೇಗದಂತೆ 125 ಸುತ್ತು, ಅಂದರೆ 45000 ಡಿಗ್ರಿ. ಕಣ್ಣು ಮುಚ್ಚಿ ಗುಣಿಸಿದರೆ ಉತ್ತರ ಇಮ್ಮಡಿಯಾಗುತ್ತದೆ.

ಶಿಕ್ಷಕರೇ, ಇಂಥ ಲೆಕ್ಕ ಕೊಟ್ಟಾಗ ಮೂರು ಪ್ರಶ್ನೆಗಳನ್ನೂ ಜೊತೆಗೆ ಕೊಡಿ: ಏಕಮಾನ ಯಾವುದು? ವೇಗ ಸ್ಥಿರವೆ? ಉತ್ತರ ನಂಬುವಂತಿದೆಯೆ? ಅಂಕಗಳಲ್ಲಿ ಅರ್ಧವನ್ನಾದರೂ ಇವಕ್ಕೆ ಮೀಸಲಿಡಿ. ನಾಳೆ ಯಂತ್ರದ ಮುಂದೆ ನಿಲ್ಲುವವರು ಈ ವಿದ್ಯಾರ್ಥಿಗಳೇ. ಅಲ್ಲಿ ತಪ್ಪು ಗುಣಾಕಾರಕ್ಕೆ ಕೆಂಪು ಶಾಯಿಯ ಗುರುತು ಬೀಳುವುದಿಲ್ಲ.