ಮೆಟಾನೊಯಾ: ಪಶ್ಚಾತ್ತಾಪವೋ, ಮನಃಪರಿವರ್ತನೆಯೋ?

ಪರಧರ್ಮದ ಗ್ರಂಥವನ್ನು ನಮ್ಮ ಪರಿಭಾಷೆಯ ಅಳತೆಗೋಲಿನಿಂದಲೇ ಅಳೆಯುವುದು ಸುಲಭ. ಆದರೆ ಅದು ಅನೇಕಾಂತ ದೃಷ್ಟಿಗೆ ಒಪ್ಪುವ ಮಾರ್ಗವಲ್ಲ. ಕ್ರೈಸ್ತರ ಹೊಸ ಒಡಂಬಡಿಕೆಯ ‘ಮೆಟಾನೊಯಾ’ ಎಂಬ ಗ್ರೀಕ್ ಶಬ್ದವನ್ನು ಈ ಎಚ್ಚರದಿಂದ ನೋಡಬೇಕು.

‘ಮೆಟಾ’ ಬದಲಾವಣೆಯನ್ನು ಸೂಚಿಸುವ ಉಪಸರ್ಗ. ‘ನೂಸ್’ ಎಂದರೆ ಮನಸ್ಸು. ಕನ್ನಡದಲ್ಲಿ ಇದನ್ನು ‘ಪಶ್ಚಾತ್ತಾಪ’ವೆಂದೂ ‘ಮಾನಸಾಂತರ’ವೆಂದೂ ಹೇಳುವುದುಂಟು. ಇವೆರಡೂ ಒಂದೇ ಅಲ್ಲ. ಮಾಡಿದ್ದಕ್ಕೆ ಮರುಗುವುದು ಪಶ್ಚಾತ್ತಾಪ. ಯೇಸುವನ್ನು ಹಿಡಿದುಕೊಟ್ಟ ಯೂದನು ಮರುಗಿದನೆಂದು ಹೇಳುವಲ್ಲಿ ಮತ್ತಾಯನ ಸುವಾರ್ತೆ (27:3) ಬೇರೊಂದು ಕ್ರಿಯಾಪದವನ್ನೇ ಬಳಸಿದೆ. ಲ್ಯಾಟಿನ್ ಬೈಬಲಿನ ‘ಪೆನಿಟೆನ್ಷಿಯಾ’ ಎಂಬ ಅನುವಾದ ಶಬ್ದವನ್ನು ಪ್ರಾಯಶ್ಚಿತ್ತ ವಿಧಿಯ ಕಡೆಗೆ ಎಳೆಯಿತು. 15ನೇ ಶತಮಾನದಲ್ಲಿ ಲೊರೆಂಜೊ ವಲ್ಲಾ, ಅನಂತರ ಎರಾಸ್ಮಸ್ ಇದನ್ನು ವಿಮರ್ಶಿಸಿದರು. 1517ರಲ್ಲಿ ಮಾರ್ಟಿನ್ ಲೂಥರನ ಮೊದಲ ಪ್ರಮೇಯವೂ ಇದೇ ಶಬ್ದವನ್ನು ಕುರಿತದ್ದು.

ಆದರೆ ಕೇವಲ ವ್ಯುತ್ಪತ್ತಿಯೂ ಸಾಲದು. ಈ ಶಬ್ದದ ಹಿಂದೆ ಹೀಬ್ರೂ ಪ್ರವಾದಿಗಳ ‘ಶೂವ್’, ಅಂದರೆ ಹಿಂದಿರುಗುವುದು, ಎಂಬ ಕರೆಯಿದೆ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಜನರು ‘ನಾವೇನು ಮಾಡಬೇಕು’ ಎಂದು ಕೇಳಿದಾಗ ಯೋಹಾನನು ಕಣ್ಣೀರನ್ನು ಬೇಡುವುದಿಲ್ಲ: ಎರಡು ಅಂಗಿಯುಳ್ಳವನು ಒಂದನ್ನು ಇಲ್ಲದವನಿಗೆ ಕೊಡಲಿ, ಸುಂಕದವನು ಗೊತ್ತಾದುದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ ಎನ್ನುತ್ತಾನೆ.

ನಮ್ಮ ‘ಪ್ರತಿಕ್ರಮಣ’ದ ಅರ್ಥವೂ ಹಿಂದಿರುಗುವುದೇ. ಹಾಗೆಂದು ಎರಡನ್ನೂ ಒಂದಾಗಿಸಲಾಗದು. ಅಲ್ಲಿ ಹಿಂದಿರುಗುವುದು ಕ್ಷಮಿಸುವ ದೇವರ ಕಡೆಗೆ. ಇಲ್ಲಿ ಸ್ವಭಾವದ ಕಡೆಗೆ. ಕರ್ಮವನ್ನು ಅನ್ಯರು ಮನ್ನಿಸಲಾರರು. ಆದರೂ ಬರಿಯ ಮಾತು ಸಾಲದೆಂಬಲ್ಲಿ ಎರಡೂ ಕೂಡುತ್ತವೆ. ವಚನರೂಪದ ಪ್ರತಿಕ್ರಮಣವು ಸ್ವಾಧ್ಯಾಯ ಮಾತ್ರವೆಂದು ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದಲೇ ಷಡಾವಶ್ಯಕಗಳಲ್ಲಿ ಪ್ರತಿಕ್ರಮಣದೊಡನೆ ಪ್ರತ್ಯಾಖ್ಯಾನವೂ ಸೇರಿದೆ: ಇನ್ನು ಮಾಡೆನೆಂಬ ತ್ಯಾಗ.

ಕ್ಷಮಾವಣಿಯ ದಿನ ಕೈಮುಗಿದು, ಮರುದಿನ ಅಣ್ಣತಮ್ಮಂದಿರ ಹೊಲದ ವ್ಯಾಜ್ಯಕ್ಕೆ ನ್ಯಾಯಾಲಯದ ಮೆಟ್ಟಿಲೇರಿದರೆ ಆ ಕ್ಷಮೆಗೆ ಅರ್ಥವೇನು? ವಿಜಯಪುರದ ಅಂಗಡಿಯ ತಕ್ಕಡಿಯಲ್ಲಿ, ತಿಕೋಟಾದ ಒಣದ್ರಾಕ್ಷಿಯ ವ್ಯವಹಾರದಲ್ಲಿ, ಬಬಲೇಶ್ವರದ ಕೂಲಿಯವರ ಬಟವಾಡೆಯಲ್ಲಿ, ಬಸದಿಯ ಲೆಕ್ಕಪುಸ್ತಕದಲ್ಲಿ ಈ ಹಿಂದಿರುಗುವಿಕೆ ಕಾಣಬೇಕು. ಪರರ ಶಾಸ್ತ್ರದ ಶಬ್ದವೊಂದು ನಮ್ಮ ಆವಶ್ಯಕವನ್ನು ನಮಗೇ ನೆನಪಿಸಿದರೆ ಆ ಓದು ಸಾರ್ಥಕ.