ನಡುವಿನ ಏಟು

ಸ್ಕಾ ಸಂಗೀತದಾಗ ಗಿಟಾರು ತಾಳದ ಮ್ಯಾಲೆ ಬೀಳೂದಿಲ್ಲ, ಎರಡು ತಾಳದ ನಡುವೆ ಬೀಳತದ. ನಮ್ಮ ಸುರಪುರದ ಹಲಗೆಯಲ್ಲೂ ದಪ್ಪ ಕೋಲು ತಾಳ ಹಿಡಿದರೆ ಸಣ್ಣ ಕೋಲು ಆ ನಡುವನ್ನೇ ತುಂಬತದ. 1985ರಲ್ಲಿ ಹುಟ್ಟಿದ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಕೇಳಿದಾಗ ಅದಕ್ಕೇ ನನ್ನ ಕಾಲು ಸುಮ್ಮನಿರಲಿಲ್ಲ. ಸೂಟು ತೊಟ್ಟು ಟ್ರಂಪೆಟ್ಟು ಊದುವ ಈ ಜಪಾನಿಗಳ ಬೆವರು ಸುಳ್ಳಲ್ಲ. ಆದರೆ ಆ ಏಟು ಹುಟ್ಟಿದ್ದು ಅಲ್ಲಲ್ಲ. ಗುಲಾಮರ ಮರಿಮಕ್ಕಳು ಜಮೈಕಾದಲ್ಲಿ ಕಟ್ಟಿದ್ದು. 1964ರ ಸ್ಕಟಲೈಟ್ಸ್ ತಂಡದ ಡಾನ್ ಡ್ರಮಂಡ್ ಟ್ರಾಂಬೋನು ಕಲಿತದ್ದು ಕಿಂಗ್‌ಸ್ಟನ್ನಿನ ಆಲ್ಫಾ ಶಾಲೆಯ ಬಡ ಹುಡುಗರ ನಡುವೆ. ಟೋಕಿಯೊದವರು ಅದನ್ನ ಇಷ್ಟಪಟ್ಟು ಎತ್ತಿಕೊಂಡರು. ಹಲಗೆಯನ್ನ ನಮ್ಮ ಹಿರೇರ ಕೊರಳಿಗೆ ಊರು ಕಟ್ಟಿತು: ಜಾತ್ರಿಗೂ ಹೆಣಕ್ಕೂ ಬಿಟ್ಟಿ ಬಡಿತ. ಈಗ ಉತ್ಸವದ ವೇದಿಕೆಯಲ್ಲಿ ಅದು ‘ಜಾನಪದ’. ಡ್ರಮಂಡನ ಹೆಸರು ರೆಕಾರ್ಡಿನ ಮೇಲಿದೆ. ಹಲಗೆ ಬಡಿದವನ ಹೆಸರು ಕರಪತ್ರದಾಗ ಎಲ್ಲಿ?